ಕಾಂಡಕೋಶಗಳ ಚಿತ್ರಾಧಾರಿತ ಸ್ಕ್ರೀನಿಂಗ್: ಸರಾಸರಿ ಹೇಳದೆ ಬಿಡುವ ಸಂಗತಿ

ಬಹುಸಾಮರ್ಥ್ಯದ ಕಾಂಡಕೋಶವು ತನ್ನಂಥದ್ದೇ ಕೋಶಗಳನ್ನು ಹುಟ್ಟಿಸುತ್ತ ಹೋಗಬಲ್ಲದು, ಇಲ್ಲವೇ ನರ, ಹೃದಯ, ಯಕೃತ್ತು ಮುಂತಾದ ಅಂಗಗಳ ಕೋಶವಾಗಿ ಬದಲಾಗಬಲ್ಲದು. ಸಾವಿರಾರು ರಾಸಾಯನಿಕಗಳ ಪೈಕಿ ಯಾವುದು ಅದನ್ನು ಯಾವ ಕಡೆಗೆ ವಾಲಿಸುತ್ತದೆ ಎಂದು ಹುಡುಕಲು 384 ಗುಳಿಗಳ ಪ್ಲೇಟ್‌ಗಳಲ್ಲಿ ಕೋಶಗಳನ್ನು ಬೆಳೆಸಿ, ಗುಳಿಗೊಂದು ರಾಸಾಯನಿಕ ಹಾಕಿ, ಕೆಲವು ದಿನಗಳ ನಂತರ ಬಣ್ಣ ಹಚ್ಚಿ, ಸ್ವಯಂಚಾಲಿತ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯುತ್ತಾರೆ. ಪ್ರತಿ ಗುಳಿಯ ಒಂಬತ್ತು ಜಾಗಗಳನ್ನು ನಾಲ್ಕು ಬಣ್ಣಗಳಲ್ಲಿ ಸೆರೆಹಿಡಿದರೆ ಒಂದೇ ಪ್ಲೇಟಿನಿಂದ 13,824 ಚಿತ್ರಗಳಾಗುತ್ತವೆ.

ಇಷ್ಟೊಂದು ಚಿತ್ರಗಳೇಕೆ, ಗುಳಿಯ ಒಟ್ಟು ಹೊಳಪನ್ನು ಅಳೆದರೆ ಸಾಲದೇ? ಬಹುಸಾಮರ್ಥ್ಯದ ಗುರುತಾದ ಒಸಿಟಿ4 ಪ್ರೋಟೀನಿನ ಸರಾಸರಿ ಹೊಳಪು ಒಂದು ಗುಳಿಯಲ್ಲಿ ಅರ್ಧಕ್ಕೆ ಇಳಿದಿದೆ ಎಂದುಕೊಳ್ಳೋಣ. ಎಲ್ಲ ಕೋಶಗಳೂ ಸಮನಾಗಿ ಮಂಕಾಗಿರಬಹುದು. ಅಥವಾ ಅರ್ಧದಷ್ಟು ಕೋಶಗಳು ಆ ಪ್ರೋಟೀನನ್ನು ಪೂರ್ತಿ ಕಳೆದುಕೊಂಡು, ಉಳಿದವು ಮೊದಲಿನಂತೆಯೇ ಇರಬಹುದು. ಜೀವಶಾಸ್ತ್ರದ ದೃಷ್ಟಿಯಿಂದ ಇವು ಬೇರೆ ಬೇರೆ ಘಟನೆಗಳು, ಆದರೆ ಸರಾಸರಿಗೆ ಎರಡೂ ಒಂದೇ. ಒಂದೊಂದು ಕೋಶವನ್ನೂ ಬಿಡಿಯಾಗಿ ಅಳೆದಾಗ ಮಾತ್ರ ಅವು ಬೇರೆಯಾಗಿ ಕಾಣುತ್ತವೆ.

ಬಿಡಿಯಾಗಿ ಅಳೆಯುವುದೇ ಇಲ್ಲಿ ಕಷ್ಟದ ಕೆಲಸ. ಮಾನವ ಕಾಂಡಕೋಶಗಳು ಒತ್ತೊತ್ತಾದ ಗುಂಪುಗಳಾಗಿ ಬೆಳೆಯುವುದರಿಂದ, ಡಿಎನ್‌ಎಗೆ ಅಂಟಿ ಹೊಳೆಯುವ ಹೋಕ್ಸ್ಟ್ ಬಣ್ಣ ಹಚ್ಚಿದ ಕೋಶಕೇಂದ್ರಗಳು ಒಂದನ್ನೊಂದು ತಾಗಿಕೊಂಡಿರುತ್ತವೆ; ತಂತ್ರಾಂಶವು ಎರಡನ್ನು ಒಂದೆಂದೋ, ಒಂದನ್ನು ಎರಡೆಂದೋ ಎಣಿಸಿಬಿಡುತ್ತದೆ. ಸತ್ತ ಕೋಶಗಳ ಕುಗ್ಗಿದ, ಪ್ರಖರವಾದ ಕೇಂದ್ರಗಳು ಒಸಿಟಿ4 ಗುರುತಿಸಲು ಹಾಕುವ ಪ್ರತಿಕಾಯವನ್ನು ಸುಮ್ಮನೆ ಹೀರಿಕೊಂಡು ಒಸಿಟಿ4 ಇದ್ದಂತೆ ತೋರುವುದೂ ಉಂಟು. ಹಾಗಾಗಿ ತಂತ್ರಾಂಶ ಕೊಟ್ಟ ಅಳತೆಗಳ ಕೋಷ್ಟಕ ತೆರೆಯುವ ಮೊದಲು ಇಪ್ಪತ್ತಾದರೂ ಚಿತ್ರಗಳನ್ನು, ತಂತ್ರಾಂಶ ಎಳೆದ ಗಡಿರೇಖೆಗಳ ಸಮೇತ, ಕಣ್ಣಾರೆ ನೋಡುವುದು ಒಳ್ಳೆಯದು. ಬೇಸರದ ಕೆಲಸ ನಿಜ, ಆದರೆ ಅದಕ್ಕೆ ಬದಲಿ ಇಲ್ಲ.

ಕೋಶ ಗುಂಪಿನಲ್ಲಿ ಎಲ್ಲಿದೆ ಎಂಬುದನ್ನೂ ದಾಖಲಿಸಬೇಕು. ವೃತ್ತಾಕಾರದ ಗುಂಪುಗಳಲ್ಲಿ ಬೆಳೆಸಿದ ಮಾನವ ಕಾಂಡಕೋಶಗಳಿಗೆ ಬಿಎಂಪಿ4 ಎಂಬ ಸಂಕೇತ ಪ್ರೋಟೀನನ್ನು ಕೊಟ್ಟಾಗ ಅಂಚಿನವು ಒಂದು ಬಗೆಯಾಗಿಯೂ ನಡುವಿನವು ಇನ್ನೊಂದು ಬಗೆಯಾಗಿಯೂ ಬದಲಾಗಿ ಉಂಗುರಗಳಂತೆ ಜೋಡಣೆಗೊಳ್ಳುವುದನ್ನು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಎಂದರೆ, ಗುಂಪುಗಳ ಗಾತ್ರ ಗುಳಿಯಿಂದ ಗುಳಿಗೆ ಬದಲಾದರೆ, ರಾಸಾಯನಿಕ ಏನೂ ಮಾಡದಿದ್ದರೂ ಫಲಿತಾಂಶ ಬದಲಾಗಬಹುದು. ಸಮನಾಗಿ ಬಿತ್ತಲು ಕೋಶಗಳನ್ನು ಬಿಡಿಬಿಡಿ ಮಾಡಬೇಕು. ಹಾಗೆ ಬಿಡಿಸಿದ ಮಾನವ ಕಾಂಡಕೋಶಗಳು ಬೇಗ ಸಾಯುವುದರಿಂದ ಆರಂಭದಲ್ಲಿ ರಾಕ್ ಕಿಣ್ವವನ್ನು ತಡೆಯುವ ವೈ-27632 ಎಂಬ ರಾಸಾಯನಿಕವನ್ನು ಬಳಸುತ್ತಾರೆ. ಅದು ಕೋಶದ ಆಕಾರವನ್ನೂ ಬದಲಿಸುವುದರಿಂದ ಸಾಮಾನ್ಯವಾಗಿ ಒಂದು ದಿನದೊಳಗೆ ತೆಗೆದುಹಾಕುತ್ತಾರೆ.

ಪರೀಕ್ಷೆಯ ಗುಣಮಟ್ಟಕ್ಕೆ 1999ರಿಂದ ಬಳಕೆಯಲ್ಲಿರುವ, ಪರಿಣಾಮ ಇರುವ ಮತ್ತು ಇಲ್ಲದ ಗುಳಿಗಳು ಎಷ್ಟು ಸ್ಪಷ್ಟವಾಗಿ ಬೇರ್ಪಡುತ್ತವೆ ಎಂದು ಹೇಳುವ ಝಡ್-ಪ್ರೈಮ್ ಅಳತೆಯಿದೆ, 0.5ಕ್ಕಿಂತ ಹೆಚ್ಚಿದ್ದರೆ ಚೆನ್ನಾಗಿದೆ ಎಂದು ಲೆಕ್ಕ. ಆದರೆ ಅದು ಪರಿಣಾಮ ಮೊದಲೇ ಗೊತ್ತಿರುವ ನಿಯಂತ್ರಣ ಗುಳಿಗಳನ್ನಷ್ಟೇ ನೋಡುತ್ತದೆ. ತಾನೇ ಹೊಳೆಯುವ ರಾಸಾಯನಿಕ ಅದರ ಕಣ್ಣಿಗೆ ಬೀಳುವುದಿಲ್ಲ. ಅಂಥದ್ದನ್ನು ಹಿಡಿಯಲು ಪ್ರತಿಕಾಯವಿಲ್ಲದ ಗುಳಿಯಲ್ಲಿ ಅದೇ ರಾಸಾಯನಿಕವನ್ನು ಹಾಕಿ ಮತ್ತೊಮ್ಮೆ ಚಿತ್ರ ತೆಗೆಯಬೇಕಾಗುತ್ತದೆ.