ಸ್ಪಿನ್ ಡೌನ್: ಹಾರ್ಡ್ ಡಿಸ್ಕ್ ತಾನಾಗಿ ಮಲಗೋದು ಅಂದ್ರೆ ಏನು?

ಹಾರ್ಡ್ ಡಿಸ್ಕ್ ಒಳಗೆ ಒಂದು ಮೋಟಾರ್ ಇರುತ್ತದೆ, ತಟ್ಟೆಗಳನ್ನು ತಿರುಗಿಸುವುದು ಅದರ ಕೆಲಸ. 5400 ಆರ್‌ಪಿಎಂ (ನಿಮಿಷಕ್ಕೆ 5400 ಸುತ್ತು) ಡಿಸ್ಕ್ ಆದರೆ ಸೆಕೆಂಡಿಗೆ 90 ಸುತ್ತು. ನೀವು ಫೈಲ್ ತೆರೆದಿರಲಿ, ಸುಮ್ನೆ ಬಿಟ್ಟಿರಲಿ, ಅದು ತಿರುಗುತ್ತಲೇ ಇರುತ್ತದೆ. ಸ್ವಲ್ಪ ಹೊತ್ತು ಯಾರೂ ಏನೂ ಕೇಳದಿದ್ದಾಗ ಆ ಮೋಟಾರ್ ನಿಲ್ಲುವುದೇ ಸ್ಪಿನ್ ಡೌನ್. ಸ್ಟ್ಯಾಂಡ್‌ಬೈ ಅಂತಲೂ ಹೇಳುತ್ತಾರೆ. ಆಗಲೂ ಒಳಗಿನ ಸರ್ಕ್ಯೂಟ್ ಎಚ್ಚರವಾಗಿಯೇ ಇರುತ್ತದೆ. ಫೈಲ್ ಕೇಳಿದರೆ ಮೋಟಾರ್ ಮತ್ತೆ ಶುರುವಾಗುತ್ತದೆ. ಅದು ಪೂರ್ತಿ ವೇಗಕ್ಕೆ ಬರುವವರೆಗೆ ಕೆಲವು ಸೆಕೆಂಡ್ ಫೋಲ್ಡರ್ ತೆರೆಯುವುದಿಲ್ಲ. ಡಿಸ್ಕ್ ಕೆಟ್ಟಿತು ಅಂತ ಗಾಬರಿ ಬೇಡ.

ಹೆಡ್ ಪಾರ್ಕಿಂಗ್ ಬೇರೆ. ಅದರಲ್ಲಿ ಓದುವ ಹೆಡ್ ಮಾತ್ರ ತಟ್ಟೆಯಿಂದ ಪಕ್ಕಕ್ಕೆ ಸರಿಯುತ್ತದೆ, ತಟ್ಟೆ ತಿರುಗುವುದು ನಿಲ್ಲುವುದಿಲ್ಲ. ಟಿಕ್ ಅಂತ ಸದ್ದು ಬಂತು, ಗುಂಯ್‌ಗುಡುವುದು ಮಾತ್ರ ಹಾಗೇ ಇದೆ ಅಂದರೆ ಡಿಸ್ಕ್ ಇನ್ನೂ ಮಲಗಿಲ್ಲ.

ಕೊಳ್ಳುವಾಗ ಜಾಸ್ತಿ ಜನ ನೋಡದ ವಿಷಯ ಒಂದಿದೆ: ಯಾವಾಗ ಮಲಗಬೇಕು ಅನ್ನುವುದು ಡಿಸ್ಕ್ ಒಂದರ ಕೈಯಲ್ಲೇ ಇಲ್ಲ. ಹೊರಗಿನಿಂದ ಜೋಡಿಸುವ ಡಿಸ್ಕ್‌ನ ಪೆಟ್ಟಿಗೆಯೊಳಗೆ, ಡಿಸ್ಕ್ ಮತ್ತು ಯುಎಸ್‌ಬಿ ಕೇಬಲ್ ನಡುವೆ, ಬ್ರಿಡ್ಜ್ ಚಿಪ್ ಅಂತ ಒಂದಿರುತ್ತದೆ. ಕೆಲವು ಚಿಪ್‌ಗಳಿಗೆ ತಮ್ಮದೇ ಟೈಮರ್ ಇರುತ್ತದೆ. ಇನ್ನು ಕೆಲವು ಕಂಪ್ಯೂಟರ್ ಕಳಿಸಿದ ಆದೇಶವನ್ನು ಡಿಸ್ಕ್‌ಗೆ ದಾಟಿಸುವುದೇ ಇಲ್ಲ. ಲಿನಕ್ಸ್‌ನಲ್ಲಿ ಡಿಸ್ಕ್ ಸೆಟ್ಟಿಂಗ್ ಬದಲಾಯಿಸುವ ಎಚ್‌ಡಿಪಾರ್ಮ್ ಎಂಬ ಪ್ರೋಗ್ರಾಂನಲ್ಲಿ ಸ್ಟ್ಯಾಂಡ್‌ಬೈಗೆ 120 ಅಂತ ಕೊಟ್ಟರೆ 10 ನಿಮಿಷ ಅಂತ ಅರ್ಥ, ಅಲ್ಲಿ ಒಂದು ಎಣಿಕೆಗೆ 5 ಸೆಕೆಂಡ್. ಚಿಪ್ ಅದನ್ನು ದಾಟಿಸದಿದ್ದರೆ ನೀವು ಎಷ್ಟು ಕೊಟ್ಟರೂ ಒಂದೇ. ಅದಕ್ಕೇ ಒಂದೇ ಡಿಸ್ಕ್ ಒಂದು ಪೆಟ್ಟಿಗೆಯಲ್ಲಿ ಮಲಗುತ್ತದೆ, ಇನ್ನೊಂದರಲ್ಲಿ ಮಲಗುವುದಿಲ್ಲ. ಸ್ಲೀಪ್ ಟೈಮರನ್ನು ನಾವೇ ಬದಲಾಯಿಸಬಹುದು ಅಂತ ತಯಾರಕರು ಸ್ಪಷ್ಟವಾಗಿ ಬರೆದಿರುವ ಮಾಡೆಲ್ ತಗೊಳ್ಳಿ. ಬರೆದಿಲ್ಲದಿದ್ದರೆ ಇಲ್ಲ ಅಂತಲೇ ತಿಳಿಯುವುದು ಒಳ್ಳೆಯದು.

ಅಡಾಪ್ಟರ್ ಬೇಕಾಗುವ 3.5 ಇಂಚಿನ ಡಿಸ್ಕ್‌ಗೆ ಇದರ ಲಾಭ ಜಾಸ್ತಿ. ಅದು ಎಳೆಯುವ ಕರೆಂಟ್, ಬಿಸಿ, ಸದ್ದು ಎಲ್ಲವೂ 2.5 ಇಂಚಿನದಕ್ಕಿಂತ ಹೆಚ್ಚು. ಎಸ್‌ಎಸ್‌ಡಿಗೆ ಮೋಟಾರೇ ಇಲ್ಲ, ಅಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ.

ಟೈಮರ್ ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು ಅಂದುಕೊಳ್ಳಬೇಡಿ. ಮೋಟಾರ್ ನಿಂತು ಮತ್ತೆ ಶುರುವಾಗುವಾಗಲೇ ಅದಕ್ಕೆ ಹೆಚ್ಚು ಶ್ರಮ. ಸರ್ಚ್ ಇಂಡೆಕ್ಸಿಂಗೋ (ಬೇಗ ಹುಡುಕಲು ಫೈಲ್‌ಗಳ ಪಟ್ಟಿ ಮಾಡಿಡುವ ಕೆಲಸ) ಆಂಟಿವೈರಸ್ಸೋ ಸುಮಾರು 10 ನಿಮಿಷಕ್ಕೊಮ್ಮೆ ಎಬ್ಬಿಸುತ್ತಾ ಹೋದರೆ ದಿನಕ್ಕೆ 144 ಸಲ, ವರ್ಷಕ್ಕೆ 52,560 ಸಲ. ಎಷ್ಟೋ ಡಿಸ್ಕ್‌ಗಳಿಗೆ ತಯಾರಕರು ಹೇಳುವ ಮಿತಿ 50,000. ಹಾಗಾಗಿ ದಿನಕ್ಕೊಮ್ಮೆ ಬ್ಯಾಕಪ್ ಮಾಡುವ ಡಿಸ್ಕ್‌ಗೆ ಸ್ಪಿನ್ ಡೌನ್ ಚೆನ್ನಾಗಿ ಹೊಂದುತ್ತದೆ. ಹಗಲೂ ರಾತ್ರಿ ಟೊರೆಂಟ್ ಓಡುವ ಡಿಸ್ಕ್‌ಗೆ ಅದನ್ನು ಆಫ್ ಮಾಡಿಡುವುದೇ ಮೇಲು.

ಹೊಸ ಡಿಸ್ಕ್ ತಂದ ಮೇಲೆ ಒಂದಷ್ಟು ಫೈಲ್ ಕಾಪಿ ಮಾಡಿ, ಪರದೆ ಮೇಲಿನ ಎಲ್ಲ ವಿಂಡೋ ಮುಚ್ಚಿ, ಅರ್ಧ ಗಂಟೆ ಬಿಡಿ. ಆಮೇಲೆ ಪೆಟ್ಟಿಗೆ ಮೇಲೆ ಬೆರಳಿಟ್ಟು ನೋಡಿ, ನಡುಕ ನಿಂತಿರಬೇಕು. ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ನೋಡಿದರೆ ಐಡಿ 4 ಇರುವ ಸಾಲು ಸ್ಟಾರ್ಟ್ ಸ್ಟಾಪ್ ಕೌಂಟ್, ಅಂದರೆ ಮೋಟಾರ್ ಎಷ್ಟು ಸಲ ನಿಂತು ಶುರುವಾಯಿತು ಅನ್ನುವ ಎಣಿಕೆ. ಅದನ್ನು ಇವತ್ತು ಬರೆದಿಟ್ಟುಕೊಂಡು ವಾರ ಬಿಟ್ಟು ಮತ್ತೆ ನೋಡಿ. ನೂರಾರು ಏರಿದ್ದರೆ ಯಾವುದೋ ಪ್ರೋಗ್ರಾಂ ಡಿಸ್ಕನ್ನು ಪದೇ ಪದೇ ಎಬ್ಬಿಸುತ್ತಿದೆ, ಮೊದಲು ಅದನ್ನು ಹುಡುಕಿ ನಿಲ್ಲಿಸಿ.