ಒದ್ದೆ ಕಾಗದದ ಮೇಲೆ ಎದ್ದ ಅಲೆ

ದೋಣಿಗಳ ಮೇಲೆ ಉಗುರು ಚಾಚಿ ಎರಗುವ ಕಡಲು, ದೂರದಲ್ಲಿ ಪುಟ್ಟ ಫ್ಯೂಜಿ ಪರ್ವತ. ಜಪಾನಿನ ಕಲಾವಿದ ಹೊಕುಸಾಯಿ 1831ರ ಸುಮಾರಿಗೆ ರಚಿಸಿದ ‘ಕನಗಾವಾದ ಮಹಾ ಅಲೆ’ಯನ್ನು ಎಲ್ಲಾದರೂ ಒಮ್ಮೆ ನೋಡಿಯೇ ಇರುತ್ತೀರಿ. ಇದು ಮರದ ಅಚ್ಚುಗಳಿಂದ ಒಂದೊಂದೇ ಬಣ್ಣ ಒತ್ತಿ ತೆಗೆದ ಮುದ್ರಣ. ಹೊಕುಸಾಯಿ ಕೈಯಾರೆ ಬರೆದ ಮೂಲ ಚಿತ್ರ ಉಳಿಯುವಂತೆಯೇ ಇರಲಿಲ್ಲ. ತೆಳು ಕಾಗದದ ಮೇಲಿನ ಚಿತ್ರವನ್ನು ಕಾಡುಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸುತ್ತಿದ್ದರು. ಕೆತ್ತುವವನು ರೇಖೆಗಳನ್ನಷ್ಟೇ ಉಬ್ಬಾಗಿ ಬಿಟ್ಟು, ಉಳಿದ ಮರವನ್ನು ಕಾಗದದ ಸಮೇತ ಕೆತ್ತಿ ತೆಗೆಯುತ್ತಿದ್ದ. ಆತನ ಹೆಸರು ಈ ಚಿತ್ರದ ಮೇಲಿಲ್ಲ, ಮುದ್ರಕನ ಹೆಸರೂ ಇಲ್ಲ. ಅದು ನನಗೆ ಇಂದಿಗೂ ಬೇಸರದ ಸಂಗತಿ.

ಏಕೆಂದರೆ ಈ ಕಲೆಯ ಜೀವ ಮುದ್ರಕನ ಕೈಯಲ್ಲಿತ್ತು, ಅದರಲ್ಲೂ ಆತ ನೀರನ್ನು ಹಿಡಿತದಲ್ಲಿಟ್ಟುಕೊಳ್ಳುವ ಬಗೆಯಲ್ಲಿ. ಆತನಿಗೆ ಯಂತ್ರವಿರಲಿಲ್ಲ. ನೀರಿನಲ್ಲಿ ಕಲಸಿದ ಬಣ್ಣವನ್ನು ತುಸು ಅಕ್ಕಿಯ ಅಂಟಿನೊಡನೆ ಹಲಗೆಗೆ ಸವರಿ, ಒದ್ದೆ ಕಾಗದ ಹಾಸಿ, ಬಿದಿರಿನ ಪೊರೆ ಸುತ್ತಿದ ‘ಬಾರೆನ್’ ಎಂಬ ಅಂಗೈಯಗಲದ ಬಿಲ್ಲೆಯಿಂದ ಕಾಗದದ ಬೆನ್ನನ್ನು ಉಜ್ಜುತ್ತಿದ್ದ. ಆ ಕಾಗದ ನಮ್ಮ ಹಿಪ್ಪುನೇರಳೆಯ ಬಳಗಕ್ಕೇ ಸೇರಿದ ‘ಕೊಜೊ’ ಗಿಡದ ತೊಗಟೆಯ ನಾರಿನದು. ಉದ್ದನೆಯ ನಾರು ನೆನೆದರೂ ಸುಲಭವಾಗಿ ಹರಿಯದು, ಬಣ್ಣವೂ ಅದರೊಳಕ್ಕೆ ಇಳಿದು ಕೂರುತ್ತದೆ. ಬಣ್ಣ ಎಲ್ಲೆ ಮೀರಿ ಹಬ್ಬದಂತೆ ಕಾಗದಕ್ಕೆ ಮೊದಲೇ ಪ್ರಾಣಿಜನ್ಯ ಅಂಟು, ಪಟಿಕ ಸೇರಿಸಿದ ನೀರನ್ನು ಬಳಿದಿರುತ್ತಿದ್ದರು.

ತೊಡಕು ಇರುವುದು ಒದ್ದೆ ಕಾಗದದಲ್ಲೇ. ನೆನೆದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಬಣ್ಣಕ್ಕೊಂದು ಹಲಗೆ ಇರುವಾಗ ಒಂದರ ಮೇಲೊಂದು ಕೂಡಿಬರುವುದು ಹೇಗೆ? ಪ್ರತಿ ಹಲಗೆಯಲ್ಲೂ ಒಂದೇ ಜಾಗದಲ್ಲಿ ಮೂಲೆಗೊಂದು, ಅಂಚಿಗೊಂದು ಕಚ್ಚು ಕೆತ್ತುತ್ತಿದ್ದರು. ಇವೇ ‘ಕೆಂತೊ’. ಕಾಗದವನ್ನು ಅವುಗಳಿಗೆ ತಾಗಿಸಿ ಇಳಿಸಿದರೆ ಸಾಕು. 1765ರಲ್ಲಿ ಎಡೋ (ಇಂದಿನ ಟೋಕಿಯೊ) ನಗರದಲ್ಲಿ ಹಲವು ಬಣ್ಣಗಳ ಮುದ್ರಣ ಅರಳಿದ್ದು ಈ ಪುಟ್ಟ ಕಚ್ಚುಗಳ ಬಲದಿಂದ. ಆಗಲೂ ಕೊನೆಯ ಬಣ್ಣದವರೆಗೆ ಕಾಗದದ ತೇವ ಒಂದೇ ಸಮನಿರಬೇಕು. ಇಲ್ಲದಿದ್ದರೆ ಅಲೆಯ ನೀಲಿ ರೇಖೆ ದಾಟಿ ಜಾರುತ್ತದೆ.

ಇನ್ನು ಆ ನೀಲಿ. ಮೊದಲು ಬಳಸುತ್ತಿದ್ದ ಒಂದು ಹೂವಿನ ರಸದ ನೀಲಿ ಒಂದು ಹನಿ ನೀರು ತಾಗಿದರೆ ಕದಡುತ್ತಿತ್ತು, ಬಿಸಿಲಿಗೂ ನಿಲ್ಲುತ್ತಿರಲಿಲ್ಲ. 1706ರ ಸುಮಾರಿಗೆ ಬರ್ಲಿನ್ನಿನಲ್ಲಿ ಕೆಂಪು ಬಣ್ಣ ಮಾಡಲು ಹೋದವರಿಗೆ ಆಕಸ್ಮಿಕವಾಗಿ ಸಿಕ್ಕಿದ್ದು ಪ್ರಶ್ಯನ್ ನೀಲಿ. ಅದರಲ್ಲಿ ಎರಡು ಬಗೆಯ ಕಬ್ಬಿಣದ ಅಯಾನುಗಳಿವೆ, ಅಂದರೆ ವಿದ್ಯುದಾವೇಶ ಪಡೆದ ಪರಮಾಣುಗಳು. ಬೆಳಕು ಬಿದ್ದಾಗ ಎಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಆ ನೆಗೆತಕ್ಕೆ ಬೇಕಾದ ಶಕ್ತಿಯನ್ನು ಕಿತ್ತಳೆ, ಕೆಂಪು ಬೆಳಕು ಕೊಟ್ಟು ತೀರುವುದರಿಂದ ನಮ್ಮ ಕಣ್ಣಿಗೆ ನೀಲಿ ಉಳಿಯುತ್ತದೆ. ಇದರ ಕಣಗಳು ಬಹಳ ನುಣುಪು, ನೀರಿನಲ್ಲಿ ಕರಗದೆ ಹರಡಿಕೊಳ್ಳುತ್ತವೆ. ಹಾಗಾಗಿ ಕುಂಚದ ಒಂದು ಬದಿಗೆ ಬಣ್ಣ, ಇನ್ನೊಂದು ಬದಿಗೆ ನೀರು ತಾಗಿಸಿ ಎಳೆದರೆ ಕಡುನೀಲಿ ಮೆಲ್ಲಗೆ ತೆಳುವಾಗುತ್ತ ಹೋಗುತ್ತದೆ. ಜಪಾನೀಯರು ಇದನ್ನು ಬರ್ಲಿನ್ನಿನ ಹೆಸರಿನಿಂದಲೇ ‘ಬೆರೊ’ ಎಂದರು. 1820ರ ದಶಕದ ಕೊನೆಗೆ ಅದು ಅಗ್ಗವಾಯಿತು, ಹೊಕುಸಾಯಿಯ ಕಡಲಿಗೆ ಬಣ್ಣ ಸಿಕ್ಕಿತು.

ಅಲೆಯ ಹಿಂದಿನ ಆಕಾಶದಲ್ಲಿ ನಸುಗೆಂಪು ಮೋಡಗಳಿದ್ದವು. ಹಲವು ಪ್ರತಿಗಳಲ್ಲಿ ಬೆಳಕು ಅವನ್ನು ತಿಂದುಹಾಕಿದೆ. ವಸ್ತುಸಂಗ್ರಹಾಲಯಗಳು ಈ ಚಿತ್ರವನ್ನು ಕೆಲವು ತಿಂಗಳು ಮಾತ್ರ ಮಂದ ಬೆಳಕಿನಲ್ಲಿ ತೋರಿಸಿ, ಮತ್ತೆ ಕತ್ತಲೆಯ ಪೆಟ್ಟಿಗೆಗೆ ಸೇರಿಸುತ್ತವೆ.