ಇಳಿದ ತೂಕ ಮತ್ತೆ ಏರುವುದೇಕೆ?

ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ ಅರ್ಧ ಕೆಜಿ ಇಳಿಯುತ್ತದೆ ಎಂಬ ಲೆಕ್ಕ ಇವತ್ತಿಗೂ ಚಾಲ್ತಿಯಲ್ಲಿದೆ. 1958ರಲ್ಲಿ ಅಮೆರಿಕದ ವೈದ್ಯ ಮ್ಯಾಕ್ಸ್ ವಿಷ್ನೋಫ್ಸ್ಕಿ ಬರೆದ ಪ್ರಬಂಧದಿಂದ ಬಂದದ್ದಿದು: ಒಂದು ಪೌಂಡಿಗೆ, ಅಂದರೆ ಸುಮಾರು ಅರ್ಧ ಕೆಜಿ ತೂಕಕ್ಕೆ, 3,500 ಕ್ಯಾಲೊರಿ. ತೂಕ ಇಳಿದಂತೆ ದೇಹದ ಖರ್ಚೂ ಇಳಿಯುತ್ತದೆ ಎಂಬುದನ್ನು ಈ ಗುಣಾಕಾರ ಗಣನೆಗೇ ತೆಗೆದುಕೊಳ್ಳುವುದಿಲ್ಲ.

ಮೊದಲ ವಾರದ ಫಲಿತಾಂಶವೂ ದಾರಿ ತಪ್ಪಿಸುತ್ತದೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕೆಜಿ ಗ್ಲೈಕೊಜೆನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ, ಇರುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಹೆಚ್ಚುಕಡಿಮೆ 3 ಗ್ರಾಂ ನೀರು. ಊಟ ಕಡಿಮೆಯಾದಾಗ ಮೊದಲು ಕರಗುವುದು ಈ ದಾಸ್ತಾನು. ಹಾಗಾಗಿ ವಾರದಲ್ಲೇ ಒಂದೆರಡು ಕೆಜಿ ಇಳಿದರೂ ಅದರಲ್ಲಿ ಕೊಬ್ಬು ಸ್ವಲ್ಪವೇ. ಎರಡನೇ ವಾರ ವೇಗ ತಗ್ಗಿದಾಗ ಎಷ್ಟೋ ಜನ ತಾವೇ ಎಲ್ಲೋ ತಪ್ಪಿದೆವೆಂದು ಕೊರಗುತ್ತಾರೆ. ಅವರದೇನೂ ತಪ್ಪಿಲ್ಲ.

ಆಮೇಲಿನ ಕಥೆ ಹಾರ್ಮೋನುಗಳದ್ದು. ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ 1994ರಲ್ಲಿ ಪತ್ತೆಯಾಯಿತು. ಕೊಬ್ಬು ಕರಗಿದರೆ ಲೆಪ್ಟಿನ್ ಕುಸಿಯುತ್ತದೆ, ಮೆದುಳು ಅದನ್ನು ಬರಗಾಲವೆಂದೇ ಓದಿಕೊಳ್ಳುತ್ತದೆ, ಹಸಿವು ಕೆರಳುತ್ತದೆ. 1995ರಲ್ಲಿ ರುಡಾಲ್ಫ್ ಲೀಬೆಲ್ ತಂಡ ತೋರಿಸಿದ್ದು ಇನ್ನೊಂದು ಮುಖ: ಶೇ 10ರಷ್ಟು ತೂಕ ಕಳೆದುಕೊಂಡವರ ದೇಹ, ಆ ಗಾತ್ರಕ್ಕೆ ಸಹಜವಾದುದಕ್ಕಿಂತಲೂ ಕಡಿಮೆ ಶಕ್ತಿ ಖರ್ಚು ಮಾಡುತ್ತಿತ್ತು. 2011ರ ಆಸ್ಟ್ರೇಲಿಯಾದ ಅಧ್ಯಯನದಲ್ಲಂತೂ ತೂಕ ಇಳಿಸಿ ಒಂದು ವರ್ಷವಾದರೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ತೂಕ ಮತ್ತೆ ಏರಿದವರನ್ನು 'ಮನಸ್ಸು ಗಟ್ಟಿಯಿಲ್ಲ' ಎಂದು ಹಂಗಿಸುವುದು ಅನ್ಯಾಯ ಎನ್ನುವುದು ಇದಕ್ಕೇ.

ಹಾಗೆಂದು ಶ್ರಮ ವ್ಯರ್ಥವೇ? ಖಂಡಿತ ಅಲ್ಲ. ಮಧುಮೇಹದ ಅಂಚಿನಲ್ಲಿದ್ದ 3,234 ಜನರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ಜೀವನಕ್ರಮ ಬದಲಿಸುವ ಗುಂಪಿಗಿದ್ದ ಗುರಿ ಶೇ 7ರಷ್ಟು ತೂಕ ಇಳಿಕೆ, ವಾರಕ್ಕೆ 150 ನಿಮಿಷ ಚುರುಕು ನಡಿಗೆ. 90 ಕೆಜಿಯವರಿಗೆ ಅದು ಆರು ಕೆಜಿ ಚಿಲ್ಲರೆ, ಅಷ್ಟೆ. ಔಷಧವಿಲ್ಲದ ಹುಸಿಮಾತ್ರೆ ಪಡೆದವರಿಗೆ ಹೋಲಿಸಿದರೆ ಆ ಗುಂಪಿನಲ್ಲಿ ಮಧುಮೇಹಕ್ಕೆ ತಿರುಗಿದವರು ಶೇ 58ರಷ್ಟು ಕಡಿಮೆ. ಇನ್ನೊಂದು ಗುಂಪಿಗೆ ಕೊಟ್ಟ ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ತಗ್ಗಿಸಿದ್ದು ಶೇ 31.

ಇಳಿಯುವ ತೂಕದಲ್ಲಿ ಸ್ನಾಯುವಿನ ಪಾಲೂ ಇರುತ್ತದೆ. ಅದನ್ನು ಉಳಿಸಿಕೊಳ್ಳಲು ವಾರಕ್ಕೆರಡು ದಿನ ಭಾರದ ವ್ಯಾಯಾಮ, ಸಾಕಷ್ಟು ಪ್ರೋಟೀನ್ ಬೇಕು. ತೂಕದ ಮುಳ್ಳು ಕದಲದ ತಿಂಗಳಲ್ಲೂ ಬಿಪಿ, ಸಕ್ಕರೆ, ಸೊಂಟದ ಸುತ್ತಳತೆ ಸುಧಾರಿಸಬಹುದು, ಅವನ್ನೂ ಬರೆದಿಡಬೇಕು. ಟೇಪನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಟ್ಟನಡುವೆ ಸುತ್ತಿ, ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಅಳತೆ ನೋಡಬೇಕು. ಹೊಟ್ಟೆ ಒಳಗೆಳೆದುಕೊಂಡರೆ ಅಳತೆ ಕೆಡುತ್ತದೆ.